ಮೊಸಳೆಯ ಲೈಸೆನ್ಸು, ಆಮೆಯ ಅರ್ಜಿ

ಅರಿಷಡ್ವರ್ಗಗಳಲ್ಲಿ ಕೊನೆಯದಾದ ಮತ್ಸರವೇ ಎಲ್ಲಕ್ಕಿಂತ ಕಠಿಣವಾದದ್ದು, ಅದನ್ನು ತೊರೆಯಲು ಕಾಶಿಯಂಥ ಕ್ಷೇತ್ರವೇ ಬೇಕು ಎಂದು ಬಲ್ಲವರು ಹೇಳುತ್ತಾರೆ. ಕಾಶಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕೆಂಬ ಪದ್ಧತಿಯೂ ಇದೆ. ಇಲ್ಲಿ ಅನೇಕ ವರ್ಷ ಇದ್ದು ನಾನು ಕಂಡಂತೆ ಹೆಚ್ಚಿನವರು ಬಿಟ್ಟು ಹೋಗುವುದು ಹಾಗಲಕಾಯಿಯನ್ನು. ನಾನು ಪಡವಲಕಾಯಿ ಬಿಟ್ಟೆ. ಮತ್ಸರ ನನ್ನ ಬಳಿಯೇ ಉಳಿಯಿತು, ಆರೋಗ್ಯವಾಗಿಯೂ ಇದೆ.

ಅದಕ್ಕೆ ಕಾಲಕಾಲಕ್ಕೆ ಮೇವು ಹಾಕಿ ಸಾಕಿದವರು ನಮ್ಮ ಭೇಲೂಪುರದ ಮನೆಯ ಕೆಳಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರು. ಮುಂದುಗಡೆ ದವಾಖಾನೆ, ಹಿಂದುಗಡೆ ಸಂಸಾರ. ಅವರು ಧಾರವಾಡದವರು, ನಾನು ಮೈಸೂರಿನವನು. ಕರ್ನಾಟಕದಲ್ಲಿದ್ದಿದ್ದರೆ ಒಬ್ಬರ ಕನ್ನಡವನ್ನು ಇನ್ನೊಬ್ಬರು ಅನುಮಾನಿಸುತ್ತ ಕಾಲ ಕಳೆಯುತ್ತಿದ್ದೆವು. ಪರದೇಶದಲ್ಲಿ ಆ ಐಷಾರಾಮಕ್ಕೆ ಅವಕಾಶವಿಲ್ಲದೆ ನೆಂಟರಾದೆವು. ಅವರ ಮನೆಯ ಶೇಂಗಾ ಚಟ್ನಿಪುಡಿ ಮೇಲಕ್ಕೆ ಬರುತ್ತಿತ್ತು, ನಮ್ಮ ಹುಳಿಪುಡಿ ಕೆಳಕ್ಕೆ ಹೋಗುತ್ತಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಕಾನೂನಿನ ಮೇಷ್ಟರಾಗಿದ್ದೆ. ನನ್ನ ವಿಷಯ ಕೃತಿಸ್ವಾಮ್ಯ, ಅಂದರೆ ಒಬ್ಬ ಸೃಷ್ಟಿಸಿದ್ದನ್ನು ಇನ್ನೊಬ್ಬ ಅಪ್ಪಣೆಯಿಲ್ಲದೆ ಬಳಸಬಾರದೆಂಬ ಶಾಸ್ತ್ರ. ನನ್ನ ವಿದ್ಯಾರ್ಥಿಗಳು ಅದರ ಉತ್ತರಗಳನ್ನು ಪಕ್ಕದವರಿಂದ ನಕಲು ಮಾಡಿ ಪಾಸಾಗುತ್ತಿದ್ದರು.

ನನಗೂ ಒಂದು ಸೃಷ್ಟಿಯಿತ್ತು. ರೇಡಿಯೋದ ಮಕ್ಕಳ ಕಾರ್ಯಕ್ರಮಕ್ಕಾಗಿ ನಾನು ಹಿಂದಿಯಲ್ಲಿ ಬರೆದ ವಕೀಲ ಆಮೆ. ಕಾಡಿನ ಪ್ರಾಣಿಗಳ ವ್ಯಾಜ್ಯಗಳನ್ನು ಅದು ವಾದಿಸುತ್ತಿತ್ತು, ಪ್ರತಿ ಕಂತಿನ ಕೊನೆಯಲ್ಲೂ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ಇದರಲ್ಲಿ ಸೂಕ್ಷ್ಮವಾದ ವಿಡಂಬನೆ ಇದೆಯೆಂದು ನನ್ನ ನಂಬಿಕೆ. ಮಕ್ಕಳು ತೀರ್ಪು ಏನಾಯಿತೆಂದು ಕೇಳಿ ಕಾರ್ಡು ಬರೆಯುತ್ತಿದ್ದರಂತೆ. ಆಮೇಲೆ ಬರೆಯುವುದನ್ನೂ ನಿಲ್ಲಿಸಿದರಂತೆ.

ಡಾಕ್ಟರದು ಮೊಸಳೆ. ಹೆಂಡತಿಯ ಹಳೆಯ ಹಸಿರು ಮಖಮಲ್ಲಿನಿಂದ ಹೊಲಿಸಿದ ಕೈಗೊಂಬೆ. ಸಿಹಿ ತಿಂದು ತಿಂದು ಅದರ ಮುಂದಿನ ಒಂದು ಹಲ್ಲು ಬಿದ್ದುಹೋಗಿತ್ತು. ಕುರ್ಚಿಯಲ್ಲಿ ಕೂತು ಅಳುವ ಮಕ್ಕಳನ್ನು ಸುಮ್ಮನಾಗಿಸಲು ಡಾಕ್ಟರು ಅದನ್ನು ಕೈಗೆ ಹಾಕಿಕೊಂಡು ಮಾತಾಡಿಸುತ್ತಿದ್ದರು. ಊರಿನ ಕೇಬಲ್ ಚಾನೆಲಿನವನೊಬ್ಬ ದವಡೆಹಲ್ಲು ಕೀಳಿಸಿಕೊಳ್ಳಲು ಬಂದಿದ್ದ. ಹಲ್ಲು ಕಳೆದುಕೊಂಡು, ಮೊಸಳೆಯನ್ನು ಪಡೆದುಕೊಂಡು ಹೋದ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೊಸಳೆ ಟೀವಿಯಲ್ಲಿ ಬಂದು, ಸಿಹಿ ತಿನ್ನಬೇಡಿ, ತಿಂದರೆ ಬಾಯಿ ತೊಳೆಯಿರಿ ಎಂದು ಬೋಧಿಸತೊಡಗಿತು. ವರ್ಷ ಕಳೆಯುವುದರಲ್ಲಿ ಬನಾರಸಿನ ಯಾವ ಗಲ್ಲಿಗೆ ಹೋದರೂ ಮಕ್ಕಳು ಒಂದು ಹಲ್ಲನ್ನು ತುಟಿಯಿಂದ ಮುಚ್ಚಿಕೊಂಡು ಮೊಸಳೆಯಂತೆ ತೊದಲುತ್ತಿದ್ದವು.

ಪರರ ಮಕ್ಕಳ ಮಾತು ಬಿಡಿ. ನನ್ನ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಹೇಳುವ ಪೈಕಿಯವಳು, ಭಾನುವಾರ ತಿಂಡಿ ಬಿಟ್ಟು ಟೀವಿಯ ಮುಂದೆ ಕೂರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ.

"ಅಪ್ಪನ ಆಮೆ ಚೆನ್ನಾಗಿಲ್ವೇನೇ ಪುಟ್ಟಿ?"

"ಅಚ್ಛಾ ಹೈ ಪಪ್ಪಾ," ಎಂದಳು, ಕಣ್ಣು ಟೀವಿಯಿಂದ ಕೀಳದೆ. "ಪರ್ ವೋ ದಿಖ್ತಾ ಕಹಾಂ ಹೈ?"

ಎಲ್ಲಿ ಕಾಣಿಸುತ್ತೆ ಎಂದರೆ ನಾನೇನು ಹೇಳಲಿ? ನನ್ನ ಹೆಂಡತಿ ಅಡುಗೆಮನೆಯಿಂದ, "ಮಗೂನ ಯಾಕ್ರೀ ಸಾಕ್ಷಿಕಟ್ಟೆಗೆ ಹತ್ತಿಸ್ತೀರಾ?" ಎಂದಳು.

ಹೀಗಿರುವಾಗ ಒಬ್ಬ ಸೇಠ್ ಬಂದ. ಅವನು ಮೂಲತಃ ಟೆಂಟ್‌ಹೌಸಿನವನು. ಮದುವೆಗೆ ಶಾಮಿಯಾನ, ದುರ್ಗಾಪೂಜೆಗೆ ಪೆಂಡಾಲು. ಬಿದಿರು, ಬಟ್ಟೆ, ಥರ್ಮೋಕೋಲು ಕೊಟ್ಟರೆ ಲೋಕದ ಯಾವ ಕಟ್ಟಡವನ್ನಾದರೂ ವಾರದೊಳಗೆ ಎಬ್ಬಿಸಬಲ್ಲ ವಿಶ್ವಕರ್ಮ. ಈಗ ನದಿಯಾಚೆ ಜಾಗ ಹಿಡಿದು ಮಕ್ಕಳ ಪಾರ್ಕು ಕಟ್ಟಿಸುತ್ತಿದ್ದ. ನೀರಿನ ಕಾಲುವೆ, ದೋಣಿ, ಸುತ್ತುವ ಕುರ್ಚಿ, ಎಲ್ಲವೂ ಇದ್ದವು. ಆದರೆ ಜನ ಗುರುತು ಹಿಡಿದು ಓಡಿ ಬರುವಂಥ ಮುಖವೊಂದು ಬೇಕಾಗಿತ್ತು. ಹೊರದೇಶದ ಪಾರ್ಕುಗಳಲ್ಲಿ ಸಿನಿಮಾದ ಪಾತ್ರಗಳನ್ನು ಲೈಸೆನ್ಸು ಪಡೆದು ತಂದು ಆಟಗಳ ಮೇಲೆ ಕೂರಿಸುತ್ತಾರೆಂದು ಯಾರೋ ಅವನಿಗೆ ಹೇಳಿದ್ದರು. ಆ ಸಿನಿಮಾದವರ ಹತ್ತಿರ ಹೋಗಲು ಅವನಿಗೆ ಶಕ್ತಿಯಿರಲಿಲ್ಲ. ಡಾಕ್ಟರ ಹತ್ತಿರ ಬರಲು ಹಲ್ಲುನೋವಿತ್ತು.

"ಮಾಸ್ತರ, ಒಂದೀಟು ಕೆಳಗ ಬರ್ರಿ!" ಎಂದು ಡಾಕ್ಟರು ಮೆಟ್ಟಿಲ ಬುಡದಿಂದ ಕೂಗಿದರು. "ಈ ಮನಷ್ಯಾ ನನ್ನ ಮೊಸಳೀನ ಕೇಳಾಕತ್ತಾನ!"

ಇಳಿದು ಹೋದೆ. ಸೇಠ್ ಒಂದು ಕೆನ್ನೆ ಊದಿಸಿಕೊಂಡು ಕೂತಿದ್ದ. ನನ್ನನ್ನು ಕಂಡವನೇ ಬನಾರಸಿನವರ ರೂಢಿಯಂತೆ 'ಗುರೂ' ಎಂದು ಶುರುಮಾಡಿದ.

"ಗುರೂ, ಡಾಕ್ಟರ್ ಸಾಹಬ್ ಏನೋ ಕಾಗದ ಅಂತಾರೆ. ನಾನು ಪೂಜೆಗೆ ತಾಜ್‌ಮಹಲ್ ಕಟ್ಟಿದೋನು. ಕಟ್ಟಿಸಿದವನನ್ನ ಕೇಳಿದ್ನಾ?"

"ಕಟ್ಟಿಸಿದವನು ಸತ್ತು ಶತಮಾನಗಳಾದವು. ಡಾಕ್ಟರು ಇನ್ನೂ ಇದ್ದಾರೆ," ಎಂದೆ.

ಹೇಳುವಾಗ ನನ್ನ ದನಿಯಲ್ಲಿ ತುಸು ವಿಷಾದ ಇದ್ದಿರಬೇಕು. ಡಾಕ್ಟರು ತಿರುಗಿ ನನ್ನ ಮುಖ ನೋಡಿದರು.

ಹೀಗೆ ಒಪ್ಪಂದ ಬರೆಯುವ ಕೆಲಸ ನನಗೆ ಬಿತ್ತು. ಅಷ್ಟು ವರ್ಷ ಪಾಠ ಹೇಳಿದ್ದರೂ ನಿಜವಾದ ಲೈಸೆನ್ಸು ಪತ್ರವನ್ನು ನಾನು ಬರೆದದ್ದು ಅದೇ ಮೊದಲು, ಅದೂ ಇನ್ನೊಬ್ಬನ ಮೊಸಳೆಗಾಗಿ. ಮದುವೆಯಾಗದವನು ಪೌರೋಹಿತ್ಯ ಮಾಡಿದ ಹಾಗೆ. ಆದರೆ ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಮೊಸಳೆಯ ಮುಖ ಮುಂದಿನಿಂದ ಹೇಗೆ, ಪಕ್ಕದಿಂದ ಹೇಗೆ, ಯಾವ ಹಸಿರು, ಎಷ್ಟನೆಯ ಹಲ್ಲು ಇಲ್ಲ ಎಂಬುದಕ್ಕೆ ಡಾಕ್ಟರಿಂದ ಚಿತ್ರ ಬರೆಸಿ ಲಗತ್ತಿಸಿದೆ. ದೋಣಿಯಾಟದಲ್ಲಿ ಬಳಸಬಹುದು, ಟೋಪಿಯ ಮೇಲೆ ಅಚ್ಚು ಹಾಕಬಹುದು, ಮಿಠಾಯಿಯ ಡಬ್ಬಿಯ ಮೇಲೆ ಕೂಡದು. ಮಾದರಿ ತಯಾರಾದಾಗ ಡಾಕ್ಟರು ನೋಡಿ ಒಪ್ಪಿಗೆ ಕೊಡದೆ ಒಂದು ಮೊಳೆಯನ್ನೂ ಹೊಡೆಯಕೂಡದು. ಒಪ್ಪಿದ ಮೇಲೆ ಅದಕ್ಕೆ ಯಾವ ಬಣ್ಣ, ಬಟ್ಟೆ, ಆಭರಣವನ್ನೂ ಸೇರಿಸಕೂಡದು. ಸೇರಿಸಿದರೆ ಲೈಸೆನ್ಸು ರದ್ದು.

ಸೇಠ್ ಇದನ್ನೆಲ್ಲ ಕೇಳಿ, "ಹುಡುಗಿ ಕೊಡುವಾಗಲೂ ಇಷ್ಟು ಶರತ್ತು ಹಾಕಲ್ಲ ಗುರೂ," ಎಂದ. ರುಜು ಹಾಕಿದ.

ಅವನು ಪೆನ್ನಿಗೆ ಮುಚ್ಚಳ ಹಾಕುವ ಮೊದಲೇ ನಾನು ಗಂಟಲು ಸರಿಮಾಡಿಕೊಂಡೆ. ಒಂದು ಪಾರ್ಕಿಗೆ ಒಂದೇ ಪ್ರಾಣಿ ಸಾಲದೆಂದೂ ನನ್ನಲ್ಲೂ ಒಂದು ಆಮೆ ಇದೆಯೆಂದೂ, ಕೇವಲ ಮಾಹಿತಿಗಾಗಿ ಎಂಬಂತೆ, ತಿಳಿಸಿದೆ.

"ಮುಖ ಹೇಗಿದೆ?" ಎಂದ ಸೇಠ್.

"ರೇಡಿಯೋದಲ್ಲಿ ಬರುತ್ತಿತ್ತು."

"ಅಂದ್ರೆ ಬರೀ ಆವಾಜು. ಆವಾಜಿನ ಮೇಲೆ ಮಕ್ಕಳನ್ನ ಹೇಗೆ ಕೂರಿಸಲಿ?"

ಡಾಕ್ಟರು ಕನಿಕರದಿಂದ, "ತಡೀರಿ, ನಾ ಬರದ ಕೊಡ್ತೀನಲ್ರೀ ಮಾಸ್ತರ. ಆಮೀ ಏನ್ ದೊಡ್ಡ ಮಾತು? ಬೋಗುಣಿ ಬೋರಲ ಹಾಕಿ ತಲಿ ಹಚ್ಚಿದ್ರ ಆತು!" ಎಂದರು.

ಇಲ್ಲಿ ನನ್ನ ವಿದ್ಯೆ ನನಗೆ ಅಡ್ಡ ಬಂತು. ಚಿತ್ರ ಬರೆದವನೇ ಚಿತ್ರದ ಒಡೆಯ. ಡಾಕ್ಟರು ಬರೆದರೆ ಆಮೆಯ ಮಾತು ನನ್ನದು, ಮುಖ ಅವರದು ಆಗುತ್ತದೆ. ಆಮೇಲೆ ಆ ಹಕ್ಕನ್ನು ನನ್ನ ಹೆಸರಿಗೆ ಬರೆಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಬರೆದುಕೊಡಿ ಎಂದು ಅವರನ್ನು ಕೇಳುವುದಕ್ಕಿಂತ ಆಮೆ ಮುಖವಿಲ್ಲದೆ ಇರುವುದೇ ಲೇಸೆಂದು ನನಗೆ ಕಂಡಿತು. ಎರಡು ಭಾನುವಾರ ಕೂತು ನಾನೇ ಬರೆದೆ. ಕರಿಕೋಟು, ಕೊರಳಲ್ಲಿ ಬಿಳಿ ಪಟ್ಟಿ. ವಾದ ಮಾಡುತ್ತಿದೆಯೆಂದು ತೋರಿಸಲು ಬಾಯನ್ನು ಅಗಲವಾಗಿ ತೆರೆಸಿದ್ದೆ.

ಹೆಂಡತಿ ನೋಡಿ, "ಇದೇನ್ರೀ, ಮುಚ್ಚಳ ತೆಗೆದಿಟ್ಟಿರೋ ಇಡ್ಲಿ ಪಾತ್ರೆ?" ಎಂದಳು.

"ಆಮೆ ಕಣೇ."

"ಪಾಪ, ಏನಾಗಿದೆ ಅದಕ್ಕೆ?"

ಸೇಠ್ ಅಷ್ಟೂ ಕೇಳಲಿಲ್ಲ. 'ನೋಡೋಣ' ಎಂದು ಮೇಜಿನ ಗಾಜಿನ ಕೆಳಗೆ ತಳ್ಳಿದ. ಅಲ್ಲಿ ಆಗಲೇ ನಾಲ್ಕಾರು ಲಗ್ನಪತ್ರಿಕೆಗಳು, ಒಂದು ಕ್ಯಾಲೆಂಡರು, ಗತಿಸಿದ ಅವನ ತಂದೆ ಇದ್ದರು. ಆಮೆ ಅವರ ಜೊತೆ ಸೇರಿತು.

ಚಳಿಗಾಲದಲ್ಲಿ ಪಾರ್ಕು ತೆರೆಯಿತು. ಮೊದಲ ವಾರವೇ ನಮ್ಮ ಕನ್ನಡದವರೆಲ್ಲ ಒಂದು ಮಿನಿಬಸ್ಸು ಮಾಡಿಕೊಂಡು ಹೋದೆವು. ಬಂಗಾಲಿ ಟೋಲಾದ ಛತ್ರದಲ್ಲಿದ್ದ ಅಜ್ಜಿಯೊಬ್ಬರನ್ನೂ ಕರೆದುಕೊಂಡೆವು. ಮಂಡ್ಯದ ಕಡೆಯ ಹಳ್ಳಿಯವರು. ಗಂಡ ಹೋದಮೇಲೆ ಕಾಶಿಯಲ್ಲೇ ಪ್ರಾಣ ಬಿಡುವುದೆಂದು ಬಂದವರು, ಬಂದಮೇಲೆ ಆರೋಗ್ಯ ಸುಧಾರಿಸಿಕೊಂಡು ಕೂತಿದ್ದರು. "ಹರಿಶ್ಚಂದ್ರ ಘಾಟಲ್ಲಿ ದಿನಾ ನೋಡ್ತೀನಿ ಕಣಪ್ಪ, ನನ್ನ ಹಿಂದೆ ಬಂದೋರೆಲ್ಲ ಮುಂದೆ ಹೋಯ್ತಾವ್ರೆ," ಎಂದು ದೂರುತ್ತಿದ್ದರು.

ದೋಣಿಯ ಕಾಲುವೆಯ ಬಾಯಲ್ಲೇ ಮೊಸಳೆ ಮಲಗಿತ್ತು. ಫೈಬರಿನದು, ಆನೆಯಷ್ಟು ದೊಡ್ಡದು, ತೆರೆದ ಬಾಯಿ, ಒಂದು ಹಲ್ಲು ಕಡಿಮೆ. ಹೇಳಬಾರದು, ಚೆನ್ನಾಗಿತ್ತು. ಮಕ್ಕಳು ಕೂಗುತ್ತ ಅದರ ಕಡೆ ಓಡಿದವು. ಡಾಕ್ಟರು ಕೈ ಹಿಂದೆ ಕಟ್ಟಿಕೊಂಡು, ಮಗಳ ಮದುವೆಯಲ್ಲಿ ಊಟದ ಪಂಕ್ತಿ ನೋಡುವ ಗೃಹಸ್ಥನಂತೆ ನಿಂತಿದ್ದರು. ನಾನು ಒಪ್ಪಂದಕ್ಕೆ ವಿರುದ್ಧವಾದದ್ದು ಏನಾದರೂ ಸಿಕ್ಕೀತೇ ಎಂದು ಬಾಲದ ಕಡೆ ಪರೀಕ್ಷೆ ಮಾಡುತ್ತಿದ್ದೆ.

ಆಗ ಅಜ್ಜಿ ಬಂದರು. ಮೊಸಳೆಯನ್ನು ನೋಡಿ ನಿಂತುಬಿಟ್ಟರು. ಚಪ್ಪಲಿ ಕಳಚಿದರು.

"ಅವ್ವಾ! ಗಂಗಮ್ಮನ್ ವಾಹನ!"

"ಅಲ್ರೀ ಅಜ್ಜಿ, ಅದು ನನ್ನ ಮೊಸಳಿ. ಹಲ್ಲ ತಿಕ್ಕಾಕ ಹೇಳ್ತದಲ್ಲ, ಅದು," ಎಂದರು ಡಾಕ್ಟರು.

"ನಿಂದು ಹೆಂಗಾದಾತಪ್ಪ? ಗಂಗಮ್ಮ ಕೂತ್ಕಳಾದು ಇದ್ರ್ ಮ್ಯಾಲೇ ಅಲ್ವಾ?" ಎಂದ ಅಜ್ಜಿ ಸೊಂಟದ ಚೀಲದಿಂದ ದೇವಸ್ಥಾನದ ಕುಂಕುಮ ತೆಗೆದು ಮೊಸಳೆಯ ಮೂಗಿನ ಮೇಲೆ ಇಟ್ಟರು. ಬೆಳಗಿನ ಪ್ರಸಾದದ ಪೇಡಾ ಒಂದನ್ನು ಬಾಯೊಳಗೆ, ಹಲ್ಲಿಲ್ಲದ ಸಂದಿಯಲ್ಲಿ, ಒತ್ತಿದರು. ಕೈಮುಗಿದರು.

ಕಾಶಿಯಲ್ಲಿ ಒಬ್ಬರು ಕೈಮುಗಿದ ಕಡೆ ಎರಡನೆಯವರು ಕಾರಣ ಕೇಳುವುದಿಲ್ಲ. ಹಿಂದೆ ನಿಂತಿದ್ದ ಹೆಂಗಸು ಸೆರಗು ತಲೆಯ ಮೇಲೆಳೆದುಕೊಂಡು, "ಜೈ ಗಂಗಾ ಮೈಯಾ" ಎಂದಳು. ಅವಳ ಹಿಂದಿನವಳೂ ಅಂದಳು. ದೋಣಿ ತಳ್ಳುವವನು ಕೂಡ ಕಿವಿ ಮುಟ್ಟಿಕೊಂಡ. ಹೋಳಿ ಹಬ್ಬ ಬರುವಷ್ಟರಲ್ಲಿ ಮೊಸಳೆಗೆ ಚೆಂಡುಹೂವಿನ ಹಾರ, ಹಣೆಗೆ ಸಿಂಧೂರ, ಬಾಲಕ್ಕೆ ಕೆಂಪು ದಾರ, ಮೂತಿಯ ಮುಂದೆ ತೂಗುವ ಹಿತ್ತಾಳೆ ಗಂಟೆ ಎಲ್ಲ ಬಂದಿದ್ದವು. ಜನ ಪೇಡಾ ತಿನ್ನಿಸಿ, ಗಂಟೆ ಬಾರಿಸಿ, ಆಮೇಲೆ ದೋಣಿ ಹತ್ತುತ್ತಿದ್ದರು. ಕೆಲವರು ಹತ್ತುತ್ತಲೂ ಇರಲಿಲ್ಲ, ಟಿಕೆಟ್ಟು ಕೊಂಡು ದರ್ಶನ ಮಾತ್ರ ಮಾಡಿ ಹೋಗುತ್ತಿದ್ದರು.

ಕೆಳಮನೆಯವರ ಮೊಸಳೆ ಟೀವಿಗೆ ಹೋಯಿತು, ಸಹಿಸಿದೆ. ಪಾರ್ಕಿಗೆ ಹೋಯಿತು, ಸ್ವತಃ ಪತ್ರ ಬರೆದುಕೊಟ್ಟು ಸಹಿಸಿದೆ. ದೇವರಾಗುವುದೆಂದರೆ ಯಾವುದಕ್ಕಾದರೂ ಒಂದು ಮಿತಿ ಬೇಡವೆ? ಒಂದು ರಾತ್ರಿ ಊಟದಲ್ಲಿ ನಾನು ಮೂರ್ತಿಪೂಜೆಯ ವಿರುದ್ಧ ಮಾತಾಡಿದೆ. ಸಂಧ್ಯಾವಂದನೆ ಮಾಡಿ ಬಂದು ಕೂತ ಗಂಡ ಹೀಗೆ ಮಾತಾಡಿದ್ದನ್ನು ಕೇಳಿ ಹೆಂಡತಿ ಮಜ್ಜಿಗೆ ಬಡಿಸುತ್ತ, "ನಿಮ್ಮ ಆಮೆಗೆ ಯಾರಾದ್ರೂ ಒಂದು ಪೇಡಾ ತಿನ್ನಿಸಿದ್ರೆ ಎಲ್ಲ ಸರಿಹೋಗುತ್ತೆ," ಎಂದಳು.

ವಿಚಿತ್ರವೆಂದರೆ ಡಾಕ್ಟರಿಗೆ ಸಂತೋಷವಾಗಲಿಲ್ಲ. ಒಂದು ಸಂಜೆ ಕೋಪದಿಂದ ಮೆಟ್ಟಿಲೇರಿ ಬಂದರು.

"ಸಿಹಿ ತಿನಬ್ಯಾಡ್ರಿ, ಹಲ್ಲ ಹುಳಕ ಬೀಳ್ತಾವ ಅಂತ ವಾರಾ ವಾರಾ ಒದರ್ತದ ಆ ಪ್ರಾಣಿ. ಅದರ ಬಾಯಾಗ ಸೇರಗಟ್ಟಲೆ ಪೇಢಾ ತುರುಕ್ತಾರ! ಇವತ್ತೊಂದು ಹುಡುಗ ಬಂದು, ಮಗರಮಛ್ ತಿಂತದ, ನಾನೂ ತಿಂತೀನಿ ಅಂತಾನ. ಮಾಸ್ತರ, ಕಾಯದೆ ಏನಂತದ ಇದಕ್ಕ?"

ಕಾಯಿದೆ ಬಹಳ ಸ್ಪಷ್ಟವಾಗಿತ್ತು. ಬಣ್ಣ ಸೇರಿಸಿದ್ದಾರೆ, ಆಭರಣ ಸೇರಿಸಿದ್ದಾರೆ, ಪಾತ್ರದ ಶೀಲವನ್ನೇ ಕೆಡಿಸಿದ್ದಾರೆ. ಲೈಸೆನ್ಸು ರದ್ದು ಮಾಡಬಹುದು, ಮೊಸಳೆಯನ್ನು ಪಾರ್ಕಿನಿಂದ ಎತ್ತಿಸಬಹುದು. ಅಂದೇ ನೋಟೀಸು ಬರೆಯಲು ಕೂತೆ. ಅಷ್ಟು ನಿರರ್ಗಳವಾಗಿ ನಾನು ಎಂದೂ ಬರೆದವನಲ್ಲ.

"ನೋಟೀಸು ಬರೀವಾಗ ಯಾಕ್ರೀ ನಗ್ತಿದೀರಾ?" ಎಂದಳು ಹೆಂಡತಿ.

"ನಗ್ತಿಲ್ಲ. ಏಕಾಗ್ರತೆ."

ನೋಟೀಸು ತಲುಪಿದ ಮೇಲೆ ಸೇಠ್ ನಮ್ಮಿಬ್ಬರನ್ನೂ ಪಾರ್ಕಿಗೆ ಕರೆಸಿಕೊಂಡ. ಮೊಸಳೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿ ಚಹಾ ಕೊಡಿಸಿದ. ಅಜ್ಜಿಯೂ ಅಲ್ಲೇ ಇದ್ದರು. ಅವರಿಗೆ ಟಿಕೆಟ್ಟು ಬೇಡವೆಂದು ಸೇಠ್ ಅಪ್ಪಣೆ ಮಾಡಿದ್ದನಂತೆ, ಸೋಮವಾರ ಸೋಮವಾರ ಬಂದು ಕೂರುತ್ತಿದ್ದರು.

"ಡಾಕ್ಟರ್ ಸಾಹಬ್, ಹಾರ ತೆಗೆಸು ಅಂತೀರಿ. ಗಂಗಾ ಮೈಯಾನ ವಾಹನದ ಮೇಲಿಂದ ಹೂ ಕಿತ್ತವನ ಪಾರ್ಕಿಗೆ ಬನಾರಸಿನಲ್ಲಿ ಯಾರು ಬರ್ತಾರೆ? ನನ್ನಮ್ಮ ನನಗೆ ಊಟ ಹಾಕ್ತಾಳಾ?"

"ಹೂ ಇರ್ಲಿ ಬಿಡ್ರಿ. ಬಾಯಾಗಿನ ಪೇಢಾ ತಗಸ್ರಿ, ಸಾಕು," ಎಂದರು ಡಾಕ್ಟರು ಹಿಂದಿಯಲ್ಲಿ, ಧಾರವಾಡದ ಹಿಂದಿಯಲ್ಲಿ.

"ತೆಗೆಸಿ ಎಲ್ಲಿಗೆ ಹಾಕಿಸಲಿ? ಕಸದ ಡಬ್ಬಿ ತೋರಿಸಿದ್ರೆ ನನ್ನ ಕೆಲಸದವರು ಕೈಕಟ್ಟಿ ನಿಲ್ತಾರೆ. ದೇವರಿಗೆ ಏರಿಸಿದ್ದನ್ನ ಕಸಕ್ಕೆ ಹಾಕಲ್ಲ ಅಂತ."

ಅದು ನಿಜ. ದೇವರಿಗೆ ಏರಿಸಿ ತೆಗೆದ ಹೂವು, ತಿಂಡಿ ನಮ್ಮ ಕಡೆಯೂ ಕಾಶಿಯಲ್ಲೂ ನಿರ್ಮಾಲ್ಯ. ಅದು ಪ್ರಸಾದವೂ ಅಲ್ಲ, ಕಸವೂ ಅಲ್ಲ. ಅದನ್ನು ತುಳಿಯಬಾರದು, ಗುಡಿಸಬಾರದು, ಗುಂಡಿಗೆ ಎಸೆಯಬಾರದು. ಅದಕ್ಕೆ ಪ್ರತ್ಯೇಕ ಜಾಗ ಬೇಕು. ಮೊಸಳೆಯ ಸುತ್ತ ಬಾಡಿದ ಚೆಂಡುಹೂವು ಮೊಣಕಾಲೆತ್ತರ ಬೆಳೆದದ್ದೇಕೆಂದು ಈಗ ತಿಳಿಯಿತು.

ಚರ್ಚೆ ಮುಂದೆ ಸಾಗದೆ ನಿಂತಿತು. ಮೊಸಳೆ ಎದ್ದುಹೋಗುವ ಲಕ್ಷಣ ಕಾಣುತ್ತಿತ್ತು. ಇಂಥ ಸಂದರ್ಭದಲ್ಲಿ ಎಷ್ಟು ಗಂಭೀರವಾಗಿರಬೇಕೋ ಅಷ್ಟು ಗಂಭೀರವಾಗಿ ನಾನು ಕೂತಿದ್ದೆ. ಆಗ ಅಜ್ಜಿ ನನ್ನನ್ನು ಕೇಳಿದರು.

"ಏನಂತಾವ್ನೆ ಆವಯ್ಯ?"

ಹೇಳಿದೆ.

"ಅಲ್ಲ ಕಣಪ್ಪ, ಗುಡಿ ಬಾಗ್ಲಲ್ಲಿ ಈ ಕಡೀಕೆ ಗಂಗಮ್ಮನ್ ಮೊಸ್ಳೆ ಇದ್ರೆ ಆ ಕಡೀಕೆ ಯಮುನಮ್ಮನ್ ಆಮೆ ಇರ್ತದೆ. ಇಲ್ಲಿ ಒಂದೇ ಮಡಗವ್ರೆ. ಆಮೇನೂ ಮಡಗಿ, ಅದ್ರ್ ಬಾಯ್ಗೆ ಹಾಕ್ಲಿ."

ನಾನು ಇದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅಷ್ಟು ನಿಷ್ಠೆಯಿಂದ ಯಾವ ಅನುವಾದವನ್ನೂ ನಾನು ಮಾಡಿಲ್ಲ. ಸೇಠ್ ಎದ್ದು ಕಚೇರಿಗೆ ಹೋದ, ಮೇಜಿನ ಗಾಜೆತ್ತಿಸಿ ನನ್ನ ಚಿತ್ರ ಹಿಡಿದುಕೊಂಡು ಬಂದ.

"ಗುರೂ! ಬಾಯಿ ಆಗಲೇ ತೆರೆದಿದೆ!"

ಒಂದೇ ಕೂಟದಲ್ಲಿ ಎಲ್ಲ ತೀರ್ಮಾನವಾಯಿತು. ಮೊಸಳೆಯ ಬಾಯಿಗೆ ಸಣ್ಣ ಜಾಲರಿ, ಹಾರಕ್ಕೆ ವಿನಾಯಿತಿ, ನೋಟೀಸು ವಾಪಸು. ಕಾಲುವೆಯ ಆಚೆ ಬದಿಯಲ್ಲಿ ನನ್ನ ಆಮೆ, ಲೈಸೆನ್ಸಿನ ಪ್ರಕಾರ. ಡಾಕ್ಟರು ನನ್ನ ಬೆನ್ನು ತಟ್ಟಿ, "ಬರೋಬ್ಬರಿ ಜೋಡಿ ಆತ ನೋಡ್ರಿ ಮಾಸ್ತರ," ಎಂದರು.

ನನ್ನ ಪತ್ರವನ್ನು ನಾನೇ ಬರೆದುಕೊಂಡೆ. ಆಮೆಯನ್ನು ಕಸದ ಡಬ್ಬಿಯೆಂದು ಯಾರೂ ಎಲ್ಲಿಯೂ ಕರೆಯಕೂಡದು. ಅದರ ಬಾಯಿಗೆ ನಿರ್ಮಾಲ್ಯವನ್ನಲ್ಲದೆ ಬೇರೇನನ್ನೂ ಹಾಕಕೂಡದು. ಹಾಕಿದರೆ ಲೈಸೆನ್ಸು ರದ್ದು. ಕಾನೂನಿನ ಇತಿಹಾಸದಲ್ಲಿ ಕಸಕ್ಕೂ ನಿರ್ಮಾಲ್ಯಕ್ಕೂ ಇಷ್ಟು ಸೂಕ್ಷ್ಮವಾಗಿ ಗಡಿ ಗುರುತಿಸಿದ ದಾಖಲೆ ಇನ್ನೊಂದಿರಲಾರದು. ಸೇಠ್ ಓದದೆ ರುಜು ಹಾಕಿದ.

ಆಮೆ ಬಂತು. ಕರಿಕೋಟು, ಬಿಳಿ ಪಟ್ಟಿ, ತೆರೆದ ಬಾಯಿ, ಎಲ್ಲ ನಾನು ಬರೆದ ಹಾಗೆಯೇ. ಮೊದಲ ದಿನ ಅಜ್ಜಿ ಬಾಡಿದ ಹಾರವನ್ನು ಅದರ ಬಾಯಿಗೆ ಹಾಕಿ, ಚಿಪ್ಪು ಮುಟ್ಟಿ ಕಣ್ಣಿಗೊತ್ತಿಕೊಂಡರು. ಜನ ಅದೇ ರೀತಿ ಮಾಡಿದರು. ಕೋಟಿನ ಗುಂಡಿಯ ಮೇಲೆ ಯಾರೋ ಕುಂಕುಮವನ್ನೂ ಇಟ್ಟರು. ಆ ಹೊತ್ತು ನನಗೆ ಯಾರ ಮೇಲೂ ಯಾವ ದೂರೂ ಇರಲಿಲ್ಲ. ಡಾಕ್ಟರಿಗೆ ನಾನೇ ಕುಲ್ಫಿ ಕೊಡಿಸಿದೆ.

ಮಧ್ಯಾಹ್ನ ಒಂದು ಶಾಲೆಯ ಬಸ್ಸು ಬಂತು. ಮಕ್ಕಳು ಮೊಸಳೆಯನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡವು. ಆಮೇಲೆ ಕೈಯಲ್ಲಿದ್ದ ಚಿಪ್ಸಿನ ಪೊಟ್ಟಣ, ಐಸ್‌ಕ್ರೀಮಿನ ಕಡ್ಡಿ, ಜ್ಯೂಸಿನ ಡಬ್ಬಿಗಳನ್ನು ಒಂದೊಂದಾಗಿ ಆಮೆಯ ಬಾಯಿಗೆ ಹಾಕಿದವು. ಮೇಡಮ್ಮು, "ಗುಡ್" ಎಂದು ಹೊಗಳಿದರು. ಒಬ್ಬ ದೊಡ್ಡ ಮನುಷ್ಯ ಬಂದು ಬಗ್ಗಿ ಪಾನಿನ ಎಂಜಲು ಉಗಿದ.

"ಕರಾರನಾಗ ಬರದೀರಲ್ಲ, ನೋಟೀಸ್ ಕೊಡ್ರಿ," ಎಂದರು ಡಾಕ್ಟರು ಮೆಲ್ಲಗೆ. ಅವರ ದನಿಯಲ್ಲಿ ನಗುವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನನಗ ನೀವು ಬರದ ಕೊಡ್ಲಿಲ್ಲೇನು? ಹಂಗ."

ಕೊಡಬಹುದಿತ್ತು. ಕೊಟ್ಟರೆ ಸೇಠ್ ಒಂದು ಮಾತೂ ಆಡದೆ ಆಮೆಯನ್ನು ಎತ್ತಿಸಿ ಅಲ್ಲೊಂದು ಪ್ಲಾಸ್ಟಿಕ್ ಡ್ರಮ್ಮು ಇಡಿಸುತ್ತಾನೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆಮೇಲೆ ಕಾಲುವೆಯ ಬಾಯಲ್ಲಿ ಮೊಸಳೆ ಒಂದೇ ಇರುತ್ತದೆ, ಹಾರ ಹಾಕಿಕೊಂಡು.

"ಯೋಚನೆ ಮಾಡ್ತೀನಿ," ಎಂದೆ.

ನಾನು ಯೋಚನೆ ಮಾಡುತ್ತಿರುವಾಗಲೇ ಒಪ್ಪಂದಗಳ ಅವಧಿ ಮುಗಿಯಿತು. ಸೇಠ್ ಮೊಸಳೆಯ ಲೈಸೆನ್ಸನ್ನು ನವೀಕರಿಸಿದ. ಆಮೆಯದನ್ನು ನವೀಕರಿಸಲಿಲ್ಲ, ಅದರ ಜಾಗಕ್ಕೆ ಪ್ಲಾಸ್ಟಿಕ್ ಡ್ರಮ್ಮು ಬಂತು.